ಗೋಡೆ ಕಡೆ ತಿರುಗಿದ ಮುಖ

ನಮ್ಮತ್ತೆ ಇಂದ್ರಮ್ಮನಿಗೆ ಜಂಬ ಬಂದಿದೆ ಎಂದು ಶ್ರೀರಾಂಪುರದ ನಮ್ಮ ಬೀದಿ ತೀರ್ಮಾನ ಮಾಡಿಬಿಟ್ಟಿತ್ತು. ಎದುರಿಗೆ ಸಿಕ್ಕರೆ ಮುಖ ತಿರುಗಿಸಿಕೊಳ್ಳುತ್ತಾರಂತೆ. ಕೇಳಿದಾಗೆಲ್ಲ ನನಗೆ ಮೈ ಉರಿಯುತ್ತಿತ್ತು.

ಎಪ್ಪತ್ತು ದಾಟಿದ ನಮ್ಮತ್ತೆಗೆ ಎರಡೂ ಕಣ್ಣುಗಳಲ್ಲಿ ನಡುಭಾಗದ ನೋಟ ಹೋಗಿದೆ. ನೇರವಾಗಿ ನೋಡಿದರೆ ಎದುರಿಗಿರುವವರ ಮುಖದ ಜಾಗದಲ್ಲಿ ಮಸಿ ಬಳಿದಂತೆ ಕಪ್ಪು. ಅಂಚಿನಲ್ಲಿ ಮಾತ್ರ ಒಂದಿಷ್ಟು ಕಾಣುತ್ತದೆ. ಹಾಗಾಗಿ ಯಾರನ್ನಾದರೂ ನೋಡಬೇಕೆಂದರೆ ಮುಖವನ್ನು ಪಕ್ಕಕ್ಕೆ ಹೊರಳಿಸಬೇಕು. ಡಾಕ್ಟರೇ ಕಲಿಸಿದ ಉಪಾಯ ಅದು. ಬೀದಿಗೆಲ್ಲ ಸುದ್ದಿ ಹಂಚುವವರು ಪಕ್ಕದ ಮನೆಯ ಸರ್ವಮಂಗಳಾ ತಾನೇ, ಅವರಿಗೆ ತಿಳಿದರೆ ಎಲ್ಲರಿಗೂ ತಿಳಿಯುತ್ತದೆ ಎಂದು ಇದನ್ನೆಲ್ಲ ಅವರಿಗೆ ಬಿಡಿಸಿ ಹೇಳಿದೆ.

"ಸುಮ್ನಿರಿ ಸೌಮ್ಯ, ರಸ್ತೆ ಗುಂಡಿ ನೋಡ್ಕೊಂಡು ದಾಟ್ತಾರೆ, ನಮ್ಮ ಮುಖ ಕಾಣಲ್ವಾ?" ಎಂದು ನಕ್ಕರು. ಈ ಸುದ್ದಿಯನ್ನು ಮಾತ್ರ ಅವರು ಯಾರಿಗೂ ಹಂಚಲಿಲ್ಲ.

ನಮ್ಮ ಬೀದಿಯಲ್ಲಿ ಯಾರ ಮನೆ ಮದುವೆಯಾದರೂ ಅರಿಶಿನ ಶಾಸ್ತ್ರಕ್ಕೆ ಸೋಬಾನೆ ಹೇಳುತ್ತಿದ್ದವರು ನಮ್ಮತ್ತೆ. ಎದುರು ಮನೆಯ ಪಂಕಜಾ ಅವರ ಮಗಳು ಬಿಂದು ಹುಟ್ಟಿದಾಗ ತೊಟ್ಟಿಲ ಪದ ಹೇಳಿದವರೂ ಇವರೇ. ಅವಳ ಮದುವೆ ಗೊತ್ತಾದಾಗಿನಿಂದ ಬಿಸಿನೀರು ಕುಡಿದು ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಪಂಕಜಾ ಕುಂಕುಮದ ಬಟ್ಟಲು ಹಿಡಿದು ಮನೆಮನೆಗೆ ಹೋಗಿ ಕರೆದರು. ನಮ್ಮ ಗೇಟು ಮುಟ್ಟಲಿಲ್ಲ.

ಶಾಸ್ತ್ರದ ದಿನ ಚಪ್ಪರದಿಂದ ಸೋಬಾನೆ ಕೇಳಿಸಿತು. ಮೊಬೈಲಿನಿಂದ ಸ್ಪೀಕರಿಗೆ ಹಾಕಿದ್ದರು. ಅತ್ತೆ ಎದ್ದು ಸೀರೆ ಬದಲಿಸಿದರು.

"ಕರೀದೆ ಹೋಯ್ತಾರಾ ಯಾರಾದ್ರೂ? ಮಾನ ಬ್ಯಾಡ್ವಾ?" ಎಂದರು ಮಾವ ಹುಚ್ಚಣ್ಣ.

"ಮಾನ ನೀವು ಮನೇಲಿ ಕಾಯ್ಕೊಂಡಿರಿ" ಎಂದು ಅತ್ತೆ ಹೊರಟೇಬಿಟ್ಟರು. ನಾನು ಹಿಂದೆಯೇ ಓಡಿದೆ.

ಬಿಂದು ಮಣೆಯ ಮೇಲೆ ಕೂತಿದ್ದಳು. ಅತ್ತೆ ಅವಳೆದುರು ನಿಂತು ಮುಖವನ್ನು ಗೋಡೆ ಕಡೆ ಹೊರಳಿಸಿದರು. ಅರಿಶಿನ ಹಚ್ಚುತ್ತಿದ್ದ ಹೆಂಗಸರೆಲ್ಲ ಇತ್ತ ತಿರುಗಿದರು.

"ಮನೆಗೆ ಬಂದೂ ಮುಖ ತಿರುಗಿಸ್ತೀರಲ್ಲ ಇಂದ್ರಕ್ಕ, ನನ್ನ ಮಗಳು ಏನ್ ಮಾಡಿದ್ಲು?" ಎಂದರು ಪಂಕಜಾ.

"ನೆಟ್ಟಗೆ ನೋಡಿದ್ರೆ ನಿನ್ ಮಗಳಿಗೆ ಮುಖಾನೇ ಇಲ್ಲ ಕಣಮ್ಮ. ಹಿಂಗೆ ತಿರುಗಿದ್ರೆ ಒಂಚೂರು ಕಾಣ್ತಾಳೆ. ಅದಕ್ಕೇ ತಿರುಗೋದು."

ಸರ್ವಮಂಗಳಾ ತಲೆ ತಗ್ಗಿಸಿ ಹೂವಿನ ತಟ್ಟೆ ಜೋಡಿಸತೊಡಗಿದರು.

"ಒಂದ್ ಮಾತು ಹೇಳ್ಬಾರ್ದಿತ್ತಾ, ಅಕ್ಕ?" ಪಂಕಜಾ ದನಿ ಇಳಿದಿತ್ತು.

"ನೀನು ಒಂದ್ ಮಾತು ಕೇಳ್ಬಾರ್ದಿತ್ತಾ? ಕಣ್ಣು ಹೋಯ್ತು ಅಂತ ನಾನು ಅತ್ತಿಲ್ಲ ಕಣೆ. ನೀವೆಲ್ಲ ಮಾತು ಬುಟ್ರಲ್ಲ, ಅದಕ್ಕೆ ಅತ್ತಿದೀನಿ. ಮೊದ್ಲು ಆ ಸ್ಪೀಕರ್ ಆಫ್ ಮಾಡ್ಸು."

ಪಂಕಜಾ ಕಣ್ಣೊರೆಸಿಕೊಂಡು ಕುಂಕುಮ ತಂದು ಇಟ್ಟರು. ಅತ್ತೆ ಹಣೆ ಒಡ್ಡಿದರು, ಸಿಟ್ಟು ಬಿಡಲಿಲ್ಲ. ಸಿಟ್ಟಿನ ದನಿಯಲ್ಲೇ ಪದ ಎತ್ತಿಕೊಂಡರು. ನನಗೂ ಆ ಸಿಟ್ಟು ಇನ್ನೂ ಇಳಿದಿಲ್ಲ. ಇವತ್ತಿಗೂ ಸರ್ವಮಂಗಳಾ ನಕ್ಕರೆ ನಾನು ನಗುವುದಿಲ್ಲ.

ಅವತ್ತು ಚಪ್ಪರದಲ್ಲಿ ಫೋಟೋ ತೆಗೆಯುತ್ತಿದ್ದವನಿಗೆ ಇದೇನೂ ಗೊತ್ತಿರಲಿಲ್ಲ. "ಅಜ್ಜಿ, ಗೋಡೆ ಯಾಕ್ ನೋಡ್ತೀರಾ? ಹುಡುಗಿ ಮುಖ ನೋಡಿ" ಎಂದ.

ಅತ್ತೆ ಪದ ನಿಲ್ಲಿಸಿದರು. ಮುಖ ಮಾತ್ರ ಅಲ್ಲಾಡಿಸಲಿಲ್ಲ.

"ಅವಳನ್ನೇ ಕಣಪ್ಪ ನೋಡ್ತಿರೋದು. ನೀನು ತೆಗಿ."