ಏಲಕ್ಕಿ ಘಮದ ರಕ್ತ

"ಭಟ್ರೇ, ನನಗೆ ಹತ್ತು ಲೀಟರ್ ರಕ್ತ ಬೇಕು."

ಮುಂಬಯಿಯ ವಿಲೆ ಪಾರ್ಲೆಯಲ್ಲಿರುವ ನಮ್ಮ ಹೋಟೆಲಿನ ಅಡುಗೆಮನೆಯಲ್ಲಿ, ಇಡ್ಲಿ ಇಳಿಸುವ ಗಡಿಬಿಡಿಯ ನಡುವೆ ಹೀಗೆಂದವಳು ನನ್ನ ಮಗಳು ದೀಕ್ಷಾ. ನಮ್ಮ ಅಡುಗೆಯ ಭಟ್ಟರ ಕೈಯಿಂದ ಸೌಟು ಜಾರಿತು. ಏಕಾದಶಿಯಂದು ಈರುಳ್ಳಿ ಮುಟ್ಟದ ಮನುಷ್ಯ ಅವರು. (ಉಳಿದ ದಿನಗಳಲ್ಲೂ ಮೂಗು ಮುರಿದೇ ಮುಟ್ಟುತ್ತಾರೆ.)

ದೀಕ್ಷಾ ಹಾರರ್ ಸಿನಿಮಾಗಳಿಗೆ ಗಾಯ ಮಾಡುತ್ತಾಳೆ. ಕತ್ತರಿಸಿದ ಕೈ, ಸೀಳಿದ ಕುತ್ತಿಗೆ, ಎಲ್ಲ ಜೋಗೇಶ್ವರಿಯ ಒಂದು ಬಾಡಿಗೆ ಶೆಡ್ಡಿನಲ್ಲಿ ತಯಾರು. ಊರಿನ ನೆಂಟರು ಕೇಳಿದರೆ ನಾನು ಹೇಳುತ್ತಿದ್ದದ್ದು "ಕಂಪ್ಯೂಟರ್ ಕೆಲಸ" ಅಂತ. ದುಡ್ಡು ಕೊಟ್ಟು ರಕ್ತ ನೋಡುವವರಿಗೆ ತಲೆ ಕೆಟ್ಟಿದೆ ಎಂದು ಇದೇ ಅಂಕಣದಲ್ಲಿ ಬರೆದೂ ಇದ್ದೆ. ಕನ್ನಡ ಓದಲು ಬಾರದ ದೀಕ್ಷಾ ಅದನ್ನು ಅಮ್ಮನಿಂದ ಓದಿಸಿಕೊಂಡು, ಕೇಳಿ, ಎದ್ದು ಹೋಗಿದ್ದಳು. ಬೈದಿದ್ದರೆ ವಾಸಿಯಿತ್ತು.

ಈಗ ರಕ್ತ ಬೇಕಾಗಿದ್ದದ್ದು ಅವಳು ಸ್ವಂತವಾಗಿ ಒಪ್ಪಿಕೊಂಡ ಮೊದಲ ಸಿನಿಮಾಕ್ಕೆ. ಕ್ಯಾಮೆರಾ ಟೆಸ್ಟ್‌ನಲ್ಲಿ ಅವಳು ಮಾಡಿದ ರಕ್ತ ನೀರಿನಂತೆ ಹರಿದುಹೋಗಿತ್ತು. ಮರುದಿನವೇ ಶೂಟಿಂಗ್. ಸರಿಯಾಗದಿದ್ದರೆ ಕೆಲಸ ಬೇರೆಯವರ ಪಾಲು.

"ನಿಮ್ಮ ಜಿಲೇಬಿಯ ಪಾಕ ಉಂಟಲ್ಲ ಭಟ್ರೇ, ಸ್ಲೋ ಆಗಿ ಇಳಿತದೆ... ಬಸ್, ವೈಸಾ ಹೀ ಬೇಕು," ಎಂದಳು.

ಪಾಕ ಎಂದ ಕೂಡಲೇ ಭಟ್ಟರ ಮುಖ ಅರಳಿತು. "ಹಾಗೆ ಹೇಳು ಮಗಾ! ಒಂದೆಳೆ ಪಾಕ ಸಾಕು. ಹರಳು ಕಟ್ಟದ ಹಾಗೆ ಎರಡು ಹನಿ ಲಿಂಬೆ ಹಾಕುವ."

ಪಾಕ ಅವರದು, ಬಣ್ಣ ಇವಳದು. ಆದರೆ ನಲವತ್ತು ವರ್ಷ ಪಳಗಿದ ಕೈ ಸುಮ್ಮನಿರುತ್ತದೆಯೇ? ಅಭ್ಯಾಸಬಲದಿಂದ ಏಲಕ್ಕಿ ಪುಡಿಯೂ ಬಿತ್ತು!

ಶೂಟಿಂಗಿನಲ್ಲಿ ಹೆಣವಾಗಿ ಮಲಗಿದ್ದ ನಟ ತುಟಿ ನೆಕ್ಕುತ್ತಲೇ ಇದ್ದನಂತೆ. ಮೂರು ಟೇಕ್ ಹಾಳು. ಆದರೂ ಡೈರೆಕ್ಟರ್, "ಖೂನ್ ಯಹೀ ಚಾಹಿಯೇ," ಇದೇ ರಕ್ತ ಬೇಕು, ಎಂದರಂತೆ.

ಕಳೆದ ಭಾನುವಾರ ಕುರ್ಲಾದ ಥಿಯೇಟರಿನಲ್ಲಿ ಅದೇ ಸಿನಿಮಾದ ಮ್ಯಾಟಿನಿ. "ಪಪ್ಪಾ, ಒಮ್ಮೆ ಬಂದು ನೋಡಿ ನಾ," ಎಂದು ದೀಕ್ಷಾ ಎಳೆದುಕೊಂಡು ಹೋದಳು. ಪರದೆಯ ಮೇಲೆ ಮೊದಲ ಕುತ್ತಿಗೆ ಸೀಳಿತು. ನಾನು ಕಣ್ಣು ಮುಚ್ಚಿದೆ. ಹಾಲ್ ಇಡೀ ಚೀರಿತು, ಶಿಳ್ಳೆ ಹೊಡೆಯಿತು, ಆಮೇಲೆ ನಕ್ಕಿತು. ದೀಕ್ಷಾ ಮಾತ್ರ ಪರದೆ ಬಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದಳು.

ಇದರಲ್ಲಿ ಏನು ಖುಷಿ? ಇಂಟರ್ವಲ್‌ನಲ್ಲಿ ಪಕ್ಕದ ಸೀಟಿನ ಹೆಂಗಸು ತನ್ನ ತಂಗಿಯ ಜೊತೆ ಕನ್ನಡದಲ್ಲಿ ಹರಟುತ್ತಿದ್ದಳು. ಕಲಬುರಗಿ ಕಡೆಯವಳು, ಬಿಲ್ಡಿಂಗ್ ಕೆಲಸ. ಹೆದರಿಕೆ ಆಗುವುದಿಲ್ಲವೇನಮ್ಮ ಎಂದು ಕೇಳಿದೆ.

"ಅಂಜ್ಲಿಕ್ಕೇ ಬಂದೀವ್ರಿ ಅಣ್ಣಾರ! ದಿನಾ ಹತ್ತನೇ ಮಾಳಿಗಿ ಮ್ಯಾಗ ಬುಟ್ಟಿ ಹೊತ್ತು ಅಡ್ಡಾಡ್ತೀನಿ. ಅಲ್ಲಿ ಅಂಜಿಕಿ ಬಂದ್ರೂ ಚೀರಂಗಿಲ್ಲ, ಕಾಲು ಜಾರ್ತದ. ಇಲ್ಲಿ ಬಾಯಿ ತುಂಬ ಚೀರಬಹುದು. ಆಮ್ಯಾಲ ಲೈಟ್ ಹಾಕ್ತಾರ, ಎಲ್ಲಾರೂ ಜೀವಂತ ಮನಿಗಿ ಹೋಗ್ತೀವಿ."

ಇವಳಿಗೆ ತಲೆ ಕೆಟ್ಟಿದೆ ಎಂದು ಬರೆದವನು ನಾನೇ ಅಲ್ಲವೇ? ರಕ್ತ ನಿಜವೆಂದು ಕಂಡಷ್ಟೂ ಇವಳು ಮನಸಾರೆ ಚೀರುತ್ತಾಳೆ. ಅದು ನಿಜವಲ್ಲ ಎಂದು ಗೊತ್ತಿರುವುದರಿಂದಲೇ ನಗುತ್ತಾಳೆ. ಆ ಎರಡನ್ನೂ ಒಟ್ಟಿಗೆ ಅವಳಿಗೆ ಕೊಡಲು ಯಾರೋ ಒಬ್ಬರು ಬೆವರು ಸುರಿಸಿರುತ್ತಾರೆ.

"ರಕ್ತ ಮಾತ್ರ ಖರೇನ ರಕ್ತ ಇದ್ದಂಗ ಅದ ನೋಡ್ರಿ," ಎಂದಳು.

"ಅದನ್ನು ಮಾಡಿದ್ದು ನನ್ನ ಮಗಳು. ಇಕೋ, ಇವಳೇ!" ಎಂದೆ. ಹಿಂದಿನ ಸಾಲಿನವರೂ ತಿರುಗಿ ನೋಡುವಷ್ಟು ಜೋರಾಗಿ.

ಆಕೆ ದೀಕ್ಷಾಳ ಕೈ ಹಿಡಿದು, ತಿರುಗಿಸಿ ಮುರುಗಿಸಿ ನೋಡಿದಳು. "ಈ ಕೈಲೇನ?" ದೀಕ್ಷಾ ಅವಳತ್ತ ನೋಡಲಿಲ್ಲ. ನನ್ನನ್ನೇ ನೋಡುತ್ತಿದ್ದಳು, ಕಣ್ಣು ತುಂಬಿಕೊಂಡು. ಹೆಮ್ಮೆಯಿಂದ ನನ್ನ ಎದೆಯೂ ತುಂಬಿತ್ತು. ಮುಂದಿನ ಎಲ್ಲ ಕುತ್ತಿಗೆಗಳನ್ನೂ ಕಣ್ಣು ಬಿಟ್ಟೇ ನೋಡಿದೆ. (ಏಲಕ್ಕಿಯ ಘಮ ಬಂದದ್ದು ನನಗೊಬ್ಬನಿಗೇ ಇರಬೇಕು.)

ಸಂಜೆ ಊರಿಗೆ, ಉಡುಪಿಯ ಭಾವನಿಗೆ ಫೋನ್ ಮಾಡಿದೆ. "ಭಾವ, ದೀಕ್ಷಾಳದ್ದು ಕಂಪ್ಯೂಟರ್ ಕೆಲಸ ಅಲ್ಲ ಮಾರಾಯ್ರೆ. ಅವಳು ರಕ್ತ ಮಾಡುವುದು. ಫಸ್ಟ್ ಕ್ಲಾಸ್ ರಕ್ತ!"

ಅಂದಹಾಗೆ, ನಿಮ್ಮ ಮಕ್ಕಳು ಏನು ಮಾಡುತ್ತಾರೆ?