ಕಡ ಕೊಟ್ಟ ಓಟಗಾರ್ತಿ

ನಮ್ಮ ಓಟದ ಬಳಗದಲ್ಲಿ ಗಂಡಸರಿಗೆ ಯಾವತ್ತೂ ಬರವಿರಲಿಲ್ಲ. ಭಾನುವಾರ ಬೆಳಿಗ್ಗೆ ಮಲ್ಲೇಶ್ವರದ ಮೈದಾನದಲ್ಲಿ ಸೇರುತ್ತಿದ್ದವರಲ್ಲಿ ಹೆಂಗಸರೆಂದರೆ ನಾನು, ಮತ್ತೆ ಕಾಲೇಜಿನಲ್ಲಿ ಪಾಠ ಹೇಳುವ ಅಕ್ಕತಂಗಿಯರಿಬ್ಬರು. ಚಳಿಗಾಲದಲ್ಲಿ ಊರ ಹೊರಗಿನ ನೀಲಗಿರಿ ತೋಪುಗಳಲ್ಲಿ, ಒಣಗಿದ ಕೆರೆಯಂಗಳಗಳಲ್ಲಿ ನಮ್ಮಂಥ ಹಲವು ಬಳಗಗಳು ಸೇರಿ ಗುಡ್ಡಗಾಡು ಓಟ ನಡೆಸುತ್ತವೆ. ಅಲ್ಲಿ ಮಹಿಳೆಯರ ತಂಡವೆಂದರೆ ನಾಲ್ವರು. ನಾಲ್ವರೂ ಓಟ ಮುಗಿಸಿದರಷ್ಟೇ ತಂಡಕ್ಕೆ ಸ್ಥಾನ. ನಾವು ಮೂವರು ವರ್ಷಗಟ್ಟಲೆ ಓಡಿದೆವು, ಬಾಳೆಹಣ್ಣು ತಿಂದೆವು, ಬೇರೆಯವರ ತಂಡದ ಹೆಸರು ಕೂಗಿದಾಗ ಚಪ್ಪಾಳೆ ತಟ್ಟಿ ಮನೆಗೆ ಬಂದೆವು.

ಇದರಿಂದ ಬೇಸರವಾಗುತ್ತಿದ್ದದ್ದು ನನಗೊಬ್ಬಳಿಗೇ ಎಂದು ಕಾಣುತ್ತದೆ. ಬಳಗ ಕಟ್ಟಿದ ನಮ್ಮ ಕ್ಯಾಪ್ಟನ್, ನಿವೃತ್ತ ಭೌತಶಾಸ್ತ್ರದ ಮೇಷ್ಟ್ರು, ಸೋಲು ಗೆಲುವಿನ ಮಾತೆತ್ತಿದರೆ ನಕ್ಕುಬಿಡುತ್ತಿದ್ದರು. ಯಾವ ಓಟದಲ್ಲೂ ಅವರು ಕಟ್ಟಕಡೆಯವರ ಜೊತೆಗೇ ಓಡುವವರು. ಹಿಂದೆ ಬಿದ್ದವರನ್ನು ಒಬ್ಬರನ್ನೇ ಬಿಡಬಾರದು ಎನ್ನುವುದು ಅವರ ನೇಮ.

ನಾಲ್ಕನೆಯವಳನ್ನು ನಾನೇ ಹುಡುಕಿದೆ. ಕುಮಾರ ಪಾರ್ಕಿನ ಹಲ್ಲಿನ ಡಾಕ್ಟರೊಬ್ಬಳು, ನನ್ನ ವಾರಗೆಯವಳೇ, ನನ್ನ ದವಡೆ ಹಲ್ಲಿಗೆ ಸಿಮೆಂಟು ತುಂಬುತ್ತಾ ತಾನು ದಿನಾ ಓಡುವ ವಿಷಯ ಹೇಳಿದಳು. ಬಾಯಿ ತೆರೆದುಕೊಂಡೇ ಇದ್ದ ನಾನು ಬಾಯಿ ಮುಚ್ಚಲು ಬಿಟ್ಟ ಕೂಡಲೇ ಅವಳನ್ನು ಬಳಗಕ್ಕೆ ಕರೆದೆ. ಐದನೆಯವಳು ಸಿಕ್ಕಿದ್ದು ಸುಲ್ತಾನ್‌ಪೇಟೆಯಲ್ಲಿ. ಅಕ್ಕನ ಮಗಳ ಲಗ್ನಪತ್ರಿಕೆ ಮಾಡಿಸಲು ಹೋಗಿದ್ದೆ. ಅಂಗಡಿಯಾಕೆ ಮಾಗಡಿ ಕಡೆಯವಳು, ಮದುವೆಯಾಗಿ ಚಾಮರಾಜಪೇಟೆಗೆ ಬಂದವಳು. ಮಾದರಿ ಪತ್ರಿಕೆಗಳಿಗಾಗಿ ಮಹಡಿಯ ಕಡಿದಾದ ಮೆಟ್ಟಿಲುಗಳನ್ನು ಮತ್ತೆ ಮತ್ತೆ ಹತ್ತಿಳಿದರೂ ಆಕೆಗೆ ಏದುಸಿರೇ ಬರಲಿಲ್ಲ. ಕೇಳಿದರೆ, ಹೈಸ್ಕೂಲಿನಲ್ಲಿ ಓಡುತ್ತಿದ್ದಳಂತೆ, ಆಮೇಲೆ ಬಿಟ್ಟಳಂತೆ. ಎರಡೇ ತಿಂಗಳಲ್ಲಿ ನಮ್ಮೆಲ್ಲರಿಗಿಂತ ಮುಂದೆ ಓಡತೊಡಗಿದಳು.

ಹಾಗಾಗಿ ಆ ಡಿಸೆಂಬರಿನ ಓಟಕ್ಕೆ ನಾವು ಐವರಿದ್ದೆವು. ಧನುರ್ಮಾಸ ಬೇರೆ. ವೈಯಾಲಿಕಾವಲ್‌ನ ಮನೆಯಲ್ಲಿ ಅತ್ತೆಯ ಪೂಜೆಗೆ ಹುಗ್ಗಿ ಮಾಡಿಟ್ಟು, ನಸುಕಿನಲ್ಲೇ ವ್ಯಾನು ಹತ್ತಿದೆ. ಹೊಸಕೋಟೆ ದಾಟಿ ಒಳಗೆ ಹೋದರೆ ಒಂದು ಕೆರೆ, ಅದರಾಚೆ ರಾಗಿ ಕೊಯ್ದ ಹೊಲಗಳು. ಮಂಜು ಇನ್ನೂ ನೆಲದ ಮೇಲೇ ಇತ್ತು. ಸ್ವೆಟರು ತೆಗೆಯಲು ಮನಸ್ಸಿಲ್ಲದಿದ್ದರೂ ನನಗೆ ಉತ್ಸಾಹ ತಡೆಯಲಾಗುತ್ತಿರಲಿಲ್ಲ.

ಓಟ ಶುರುವಾಗುವುದಕ್ಕೆ ಸ್ವಲ್ಪ ಮುಂಚೆ ಕ್ಯಾಪ್ಟನ್ ಪತ್ರಿಕೆ ಅಂಗಡಿಯಾಕೆಯನ್ನು ಪಕ್ಕಕ್ಕೆ ಕರೆದರು. ಅವಳು ವಾಪಸು ಬಂದಾಗ ಎದೆಯ ಮೇಲೆ ಬೇರೆ ತಂಡದ ನಂಬರಿತ್ತು. ಕೋಲಾರದ ಕಡೆಯಿಂದ ಬಂದಿದ್ದ ಬಳಗದಲ್ಲಿ ಒಬ್ಬಾಕೆಗೆ ಜ್ವರವಂತೆ, ಮೂವರೇ ಉಳಿದಿದ್ದರಂತೆ. ನಾವು ಐವರಿದ್ದೇವಲ್ಲ ಎಂದು ಕ್ಯಾಪ್ಟನ್ ಒಬ್ಬಳನ್ನು ಕಡ ಕೊಟ್ಟಿದ್ದರು. ಕೊಡುವುದೇ ಆದರೆ ನನ್ನನ್ನು ಕೊಡಬಹುದಿತ್ತು. ನಿಧಾನ ಓಡುವವಳು ನಾನೇ. ಅದನ್ನು ಹೇಳಬೇಕೆನ್ನುವಷ್ಟರಲ್ಲಿ ಸೀಟಿ ಊದಿದರು.

ಕೆರೆ ಏರಿ ಇಳಿದು ಹೊಲಕ್ಕೆ ಬರುವಾಗ ನಮ್ಮ ಡಾಕ್ಟರು ಬದುವಿನ ಮೇಲೆ ಕೂತಿದ್ದಳು. ರಾಗಿ ಕೂಳೆಯ ನಡುವೆ ಪಾದ ಹೊರಳಿತ್ತು. ಅವಳೊಬ್ಬಳು ಮುಗಿಸದಿದ್ದರೆ ನಮ್ಮ ತಂಡ ಮತ್ತೆ ಇಲ್ಲವೇ ಇಲ್ಲ. ನಡೆದುಕೊಂಡಾದರೂ ಬಾ, ಹೊತ್ತಾದರೂ ಪರವಾಗಿಲ್ಲ ಎಂದೆ. ಪಾಪ, ಅವಳಿಗೂ ಆಸೆಯಿತ್ತು. ನನ್ನ ಹೆಗಲ ಮೇಲೆ ಕೈ ಹಾಕಿ ಕುಂಟುತ್ತಾ ಹೊರಟಳು. ಒಬ್ಬೊಬ್ಬರಾಗಿ ಎಲ್ಲರೂ ನಮ್ಮನ್ನು ದಾಟಿಹೋದರು. ಹೊಲ ಕಳೆಯಿತು, ತೋಪು ಕಳೆಯಿತು. ಮುಕ್ತಾಯದ ಬಳಿ ಕಟ್ಟಿದ್ದ ಬಣ್ಣದ ಶಾಮಿಯಾನ ದೂರದಲ್ಲಿ ಕಾಣುತ್ತಿತ್ತು.

ಅಷ್ಟರಲ್ಲಿ ಹಿಂದಿನಿಂದ ಕ್ಯಾಪ್ಟನ್ ಬಂದರು. ಅವಳ ಕಾಲು ಮುಟ್ಟಿ ನೋಡಿದರು. ಪಾದ ಶೂ ಮೀರಿ ಊದಿತ್ತು. ದಾರಿಯಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡು ಹೋಗುತ್ತಿದ್ದ ಬೈಕಿನವನಿಗೆ ಕೈ ಅಡ್ಡ ಹಾಕಿದರು. ಬೈಕು ಹತ್ತಿದರೆ ಓಟ ಮುಗಿಸಿದ ಲೆಕ್ಕವಲ್ಲ ಎಂದು ನಾನು ಹೇಳಿದೆ, ಇನ್ನೊಮ್ಮೆಯೂ ಹೇಳಿದೆ. ಅವರು ಕೇಳಿಸಿಕೊಂಡರು. ಕೇಳಿಸಿಕೊಂಡೇ ಅವಳನ್ನು ಹಾಲಿನವನ ಹಿಂದೆ ಕೂರಿಸಿ ಕಳಿಸಿಬಿಟ್ಟರು.

ಆ ದಿನ ಮಹಿಳಾ ತಂಡಗಳಲ್ಲಿ ಮೂರನೆಯ ಸ್ಥಾನದ ಕಪ್ಪು ಗೆದ್ದದ್ದು ಕೋಲಾರದವರು. ಅವರಲ್ಲಿ ಎಲ್ಲರಿಗಿಂತ ಮುಂದೆ ಬಂದವಳು ನಮ್ಮಾಕೆ. ಅವಳನ್ನು ನಡುವೆ ನಿಲ್ಲಿಸಿಕೊಂಡು ಅವರು ಫೋಟೋ ತೆಗೆಸಿಕೊಂಡರು. ನಾನು ಬೆನ್ನು ತಿರುಗಿಸಿ ಶೂವಿನ ಮಣ್ಣು ಕೆರೆಯುತ್ತಾ ಕೂತೆ.

ವಾಪಸು ಬರುವಾಗ ತಿಂಡಿಗೆಂದು ಹೋಟೆಲಿನ ಮುಂದೆ ವ್ಯಾನು ನಿಲ್ಲಿಸಿದರು. ಇಡ್ಲಿ ಮುಂದಿಟ್ಟುಕೊಂಡು ನಾನು ಎಲ್ಲರೆದುರಿಗೇ ಕೇಳಿದೆ, "ಸರ್, ನೀವು ಯಾರ ತಂಡದ ಕ್ಯಾಪ್ಟನ್?"

ಅವರು ಲೋಟ ಕೆಳಗಿಟ್ಟರು. "ಅವರು ಕತ್ತಲಲ್ಲೇ ಬಸ್ಸು ಹತ್ತಿ ಬಂದಿದ್ರು ಕಣಮ್ಮ. ಒಬ್ರು ಕಡಿಮೆ ಅಂತ ಹೇಗೆ ವಾಪಸ್ ಕಳಿಸ್ಲಿ?"

"ನಾವೂ ಎಷ್ಟೋ ವರ್ಷದಿಂದ ಒಬ್ರು ಕಡಿಮೆ ಅಂತಲೇ ವಾಪಸ್ ಬರ್ತಿದೀವಲ್ಲ ಸರ್. ನಮಗೆ ಯಾರು ಕೊಟ್ರು?"

ಡಾಕ್ಟರು ಕಾಲಿಗೆ ಐಸು ಒತ್ತಿಕೊಂಡು, ಇನ್ನು ಸಾಕು ಬಿಡು ಎಂದಳು. ಅವಳೇ ಅವರ ಪರ ನಿಂತದ್ದು ನನ್ನನ್ನು ಇನ್ನಷ್ಟು ಕೆರಳಿಸಿತು. ಅವರು ಮಾಡಿದ್ದರಲ್ಲಿ ತಪ್ಪು ಹುಡುಕಲಾಗುತ್ತಿರಲಿಲ್ಲ. ನನ್ನ ಸಿಟ್ಟು ಇಳಿಯದಿದ್ದುದಕ್ಕೆ ಅದೇ ಕಾರಣವಿರಬೇಕು.

ಮುಂದಿನ ಎರಡು ಭಾನುವಾರ ನಾನು ಮೈದಾನಕ್ಕೆ ಹೋಗಲಿಲ್ಲ. ಸ್ಯಾಂಕಿ ಕೆರೆಯ ಸುತ್ತ, ಮಂಕಿ ಟೋಪಿಯ ತಾತಂದಿರ ನಡುವೆ ನುಸುಳಿಕೊಂಡು ಒಬ್ಬಳೇ ಓಡಿದೆ. ಆಮೇಲೊಂದು ಸಂಜೆ, ಲಗ್ನಪತ್ರಿಕೆಯ ಕರಡು ತಿದ್ದಲು ಸುಲ್ತಾನ್‌ಪೇಟೆಗೆ ಹೋಗಲೇಬೇಕಾಯಿತು. ಸಂಕ್ರಾಂತಿ ಕಳೆದ ಮೇಲಿನ ಮದುವೆಗಳಿಗೆಲ್ಲ ಆಗಲೇ ಅಚ್ಚು ನಡೆಯುತ್ತಿತ್ತು, ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಆದರೂ ಅವಳು ಸ್ಟೂಲು ಖಾಲಿ ಮಾಡಿಸಿ ನನ್ನನ್ನು ಕೂರಿಸಿ, ಕಾಫಿ ತರಿಸಿದಳು.

"ಅಕ್ಕ, ಒಂದು ಮಾತು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಕೋಲಾರದವರು ಜನವರಿ ಓಟಕ್ಕೂ ಕರೀತಿದಾರೆ. ಅವತ್ತು ಜ್ವರ ಬಂದಿತ್ತಲ್ಲ, ಅವರಿಗೆ ಟೈಫಾಯ್ಡಂತೆ. ಸರ್ ಹೋಗಮ್ಮ ಅಂದ್ರು. ನಾನೇ, ನಿಮ್ಮನ್ನ ಕೇಳ್ದೆ ಹೋಗಲ್ಲ ಅಂದೆ."

ಬೇಡ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ನಿನಗೆ ಹೋಗಲು ಇಷ್ಟವಿದೆಯೇ ಎಂದಷ್ಟೇ ಕೇಳಿದೆ.

ಅವಳು ಪತ್ರಿಕೆಗಳ ಕಟ್ಟನ್ನು ಸರಿಮಾಡಿಟ್ಟಳು. "ಇದೆ ಅಕ್ಕ. ನಾನು ಬಂದ್ರೇನೇ ಅವರ ತಂಡ. ನನಗೆ ಯಾರೂ ಯಾವತ್ತೂ ಹಾಗೆ ಕಾದಿರಲಿಲ್ಲ."

ನಾವೂ ಕಾದಿದ್ದೆವಲ್ಲ, ಇಷ್ಟು ವರ್ಷ ನಾಲ್ಕನೆಯವಳಿಗಾಗಿ ಕಾದದ್ದೇ ನಮ್ಮ ಕೆಲಸವಾಗಿತ್ತಲ್ಲ ಎನ್ನಿಸಿತು. ಆದರೂ ಹೋಗು ಎಂದೆ. ಅವಳ ಮುಖ ಅರಳಿದ್ದನ್ನು ನೋಡಿದರೂ ನನ್ನ ಮನಸ್ಸು ಹಗುರವಾಗಲಿಲ್ಲ. ಕರಡಿನಲ್ಲಿ ಮುಹೂರ್ತದ ಸಾಲನ್ನು ಎರಡು ಸಲ ಓದಿದರೂ ತಲೆಗೆ ಹತ್ತಲಿಲ್ಲ.

ಜನವರಿಯ ಓಟಕ್ಕೆ ಡಾಕ್ಟರು ಕಾಲಿಗೆ ಪಟ್ಟಿ ಸುತ್ತಿಕೊಂಡು ಬಂದಳು. ನಾನು ಕ್ಯಾಪ್ಟನ್‌ಗೆ ನಮಸ್ಕಾರ ಹೇಳಿದೆ, ಅವರು ಎಂದಿನಂತೆ ಮನೆಯವರ ಆರೋಗ್ಯ ವಿಚಾರಿಸಿದರು. ಹೋಟೆಲಿನ ಮಾತನ್ನು ಇಬ್ಬರೂ ಎತ್ತಲಿಲ್ಲ. ಅಂತೂ ನಾವು ನಾಲ್ವರೂ ಓಟ ಮುಗಿಸಿದೆವು. ಬಳಗ ಕಟ್ಟಿದ ಮೇಲೆ ಮೊದಲ ಸಲ ಮೈಕಿನಲ್ಲಿ ನಮ್ಮ ಮಹಿಳಾ ತಂಡದ ಹೆಸರು ಕೂಗಿದರು, ಎಲ್ಲಕ್ಕಿಂತ ಕೊನೆಯ ಸ್ಥಾನಕ್ಕೆ. ಅಕ್ಕತಂಗಿಯರು ಕೈ ಕೈ ಹಿಡಿದು ಕುಣಿದರು. ಕ್ಯಾಪ್ಟನ್ ಶಾಮಿಯಾನದಲ್ಲಿದ್ದವರಿಗೆಲ್ಲ ಮೈಸೂರು ಪಾಕು ಹಂಚಿದರು, ಕೋಲಾರದವರಿಗೂ ಸೇರಿಸಿ.

ಕೋಲಾರದವರು ಆ ಸಲ ಎರಡನೆಯವರಾಗಿದ್ದರು. ಪತ್ರಿಕೆ ಅಂಗಡಿಯಾಕೆ ಅವರ ಗುಂಪಿನಿಂದ ಓಡಿಬಂದು ನನಗೆ ನೀರಿನ ಬಾಟಲಿ ಕೊಟ್ಟಳು, ತುಂಬಾ ಚೆನ್ನಾಗಿ ಓಡಿದಿರಿ ಎಂದಳು. ನೀರು ಕುಡಿದೆ. ನೀನೂ ಚೆನ್ನಾಗಿ ಓಡಿದೆ ಎನ್ನಬೇಕಿತ್ತು. ಅವಳಿದ್ದಿದ್ದರೆ ನಮ್ಮ ತಂಡ ಎಷ್ಟನೆಯದಾಗುತ್ತಿತ್ತು ಎಂದು ನನ್ನ ತಲೆ ಲೆಕ್ಕ ಹಾಕುತ್ತಲೇ ಇತ್ತು. ಬಾಟಲಿ ವಾಪಸು ಕೊಟ್ಟು, ಅಂಗಡಿಯ ಕೆಲಸ ಹೇಗಿದೆ ಎಂದು ಕೇಳಿದೆ.