ಎರಡು ಹೊತ್ತಿನ ಹಾಲು, ಒಂದು ಟರ್ಬೋ ಇಂಜಿನ್

ನಾವು ಟರ್ಬೋ ಇಂಜಿನ್ ಕೊಳ್ಳಲಿಲ್ಲ. ಅದು ಹಳೆಯದು ಅಂತಲ್ಲ, ನಮ್ಮ ಕೈಲಿ ಆಗುವುದಿಲ್ಲ ಅಂತಲೂ ಅಲ್ಲ. ಮಾರುವವನು ಭಾನುವಾರ ಬೆಳಿಗ್ಗೆ ನನಗಿಂತ ಮೊದಲು ಎದ್ದಿದ್ದ. ನಡೆದದ್ದು ಇಷ್ಟೇ. ನನ್ನ ಮಗ ಮಹೇಶ ಇದನ್ನು ಬೇರೆ ಥರ ಹೇಳುತ್ತಾನೆ. ನಂಬಬೇಡಿ.

ನಮ್ಮ ಸೊಸೆ ರೇಖಾಳ ಅಡುಗೆ ಕಾಂಟ್ರಾಕ್ಟ್ ನಿಮಗೆ ಗೊತ್ತೇ ಇದೆ. (ಅವಳ ಹುಳಿ ಬಗ್ಗೆ ಬರೆದಾಗ ಎಷ್ಟು ಜನ ಫೋನ್ ಮಾಡಿದಿರಿ! ಯಾರೂ ನನ್ನ ಹುಳಿ ಬಗ್ಗೆ ಕೇಳಲಿಲ್ಲ.) ಹಂಡೆ, ಕೊಳದಪ್ಪಲೆ, ಅಡುಗೆಯವರು, ನಾನು, ಎಲ್ಲರೂ ಹೋಗುವುದು ಒಂದು ಹಳೇ ಡೀಸೆಲ್ ಜೀಪಿನಲ್ಲಿ. ಕೋಟೆಯ ನಮ್ಮ ಓಣಿಯಿಂದ ಊರೊಳಗೆ ಎಲ್ಲಿಗೆ ಹೋಗು ಅಂದರೂ ಹೋಗುತ್ತದೆ. ಏರು ಕಂಡರೆ ಮಾತ್ರ ಅದಕ್ಕೂ ನನ್ನ ಹಾಗೇ ಮಂಡಿನೋವು.

ಹೋದ ತಿಂಗಳು ತೀರ್ಥಹಳ್ಳಿ ಆಚೆ ಗುಡ್ಡದ ಮೇಲೊಂದು ಗೃಹಪ್ರವೇಶ. ಅಲ್ಲಿ ಒಲೆ ಹೂಡಲು ಜಾಗವಿಲ್ಲವೆಂದು ಅಡುಗೆಯನ್ನು ಇಲ್ಲಿಂದಲೇ ಮಾಡಿ ಒಯ್ದೆವು. ಕೊನೆಯ ಏರಿನಲ್ಲಿ ಜೀಪು ಉಸ್ಸಪ್ಪಾ ಅಂತ ನಿಂತಿತು. ಅಡುಗೆಯವರು ಇಳಿದು ತಳ್ಳಿದರು. ನಾನೂ ಇಳಿದೆ (ತಳ್ಳಲಿಕ್ಕಲ್ಲ, ಭಾರ ಕಡಿಮೆಯಾಗಲಿ ಅಂತ). ಜೀಪು ಅಲ್ಲಾಡಲಿಲ್ಲ. ಅನ್ನ, ಸಾರು, ಪಲ್ಯ ತಲೆಯ ಮೇಲೆ ಹೋದವು. ಪಾಯಸದ ಹಂಡೆ ಹಿಂದೆ ಉಳಿಯಿತು. ಅದು ಮೇಲೆ ತಲುಪುವಷ್ಟರಲ್ಲಿ ಮೊದಲ ಪಂಕ್ತಿಯವರು ಮಜ್ಜಿಗೆ ಅನ್ನ ಉಂಡು ಕೈ ಒಣಗಿಸಿಕೊಳ್ಳುತ್ತಿದ್ದರು. ಮಜ್ಜಿಗೆ ಆದ ಮೇಲೆ ಪಾಯಸ ಬಡಿಸಿದವರು ಜಿಲ್ಲೆಯಲ್ಲಿ ನಾವೇ ಮೊದಲಿರಬೇಕು.

ಮನೆಯ ಯಜಮಾನರು ಒಳ್ಳೆಯವರು. "ರೇಖಮ್ಮಾ, ನಿಮ್ಮ ಕೈರುಚಿಗೆ ಮಾತೇ ಇಲ್ಲ. ಮಾಘದಲ್ಲಿ ಮಗಳ ಮದುವೆ, ಇಲ್ಲೇ ಮನೆ ಮುಂದೆ. ಅದೂ ನಿಮಗೇ. ಆದ್ರೆ ಪಾಯಸ ಮಜ್ಜಿಗೆಗಿಂತ ಮುಂಚೆ ಬರುತ್ತೆ ಅಂತ ಮಾತು ಕೊಡಿ" ಅಂದರು.

ರೇಖಾ ಮಾತು ಕೊಟ್ಟಳು. ಮಾತು ಕೊಟ್ಟವಳು ಸೊಸೆ, ಏರು ಹತ್ತಬೇಕಾದದ್ದು ಜೀಪು.

ಆಗ ಮಹೇಶನಿಗೆ ಟರ್ಬೋ ಹಿಡಿಯಿತು. ಫೋನಿನಲ್ಲಿ ಯಾರೋ ಜೀಪಿಗೆ ಬೇರೆ ಗಾಡಿಯ ಇಂಜಿನ್ ಕೂರಿಸಿ ಗುಡ್ಡ ಹಾರಿಸುವ ವಿಡಿಯೋ. ಬೆಳಿಗ್ಗೆ ತಿಂಡಿಗೂ ಅದೇ, ಸಂಜೆ ಕಾಫಿಗೂ ಅದೇ.

"ಅಮ್ಮ, ಇಂಜಿನ್ ಬಿಡೋ ಹೊಗೆನೇ ಒಂದು ಫ್ಯಾನ್ ತಿರುಗಿಸುತ್ತೆ. ಆ ಫ್ಯಾನು ಗಾಳಿನ ಒಳಗೆ ತಳ್ಳುತ್ತೆ. ಡೀಸೆಲ್ ಚೆನ್ನಾಗಿ ಉರಿಯುತ್ತೆ. ಪವರ್ರು!"

"ಊದುಕೊಳವೆ ಅನ್ನು."

"ಅಲ್ಲಮ್ಮ, ಇದು ಟೆಕ್ನಾಲಜಿ..."

"ಹಸಿ ಸೌದೆ ಒಲೆ ಊದಿದವಳಿಗೆ ಟೆಕ್ನಾಲಜಿ ಹೇಳ್ಬೇಡ. ಎಲ್ಲಿದೆ ನಿನ್ನ ಕೊಳವೆ?"

ಅದು ಇದ್ದದ್ದು ಭದ್ರಾವತಿಯ ಒಂದು ಗುಜರಿ ಅಂಗಡಿಯಲ್ಲಿ. ಪಲ್ಟಿ ಹೊಡೆದ ಗಾಡಿಯಿಂದ ಬಿಚ್ಚಿದ ಇಂಜಿನ್. ನಮ್ಮ ಜೀಪು ನೋಡಿಕೊಳ್ಳುವ ಮೆಕ್ಯಾನಿಕ್ ಸೆಲ್ವಂ ಕೂಡ ಭದ್ರಾವತಿಯವನೇ. ಶನಿವಾರ ಸಂಜೆ ಮಹೇಶ, ರೇಖಾ, ನಾನು ಮೂವರೂ ಹೋದೆವು. ನಾವು ಒಳಗೆ ಕಾಲಿಡುವಾಗಲೇ ಇಂಜಿನ್ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕೂತು ಓಡುತ್ತಿತ್ತು. ಏನು ಸದ್ದು, ಏನು ಗತ್ತು! ಮಹೇಶ ಮೊಮ್ಮಗು ನೋಡಿದ ಹಾಗೆ ನೋಡಿದ. ಅಡ್ವಾನ್ಸಿಗೆ ಅಂತ ಅವನ ಕೈ ಜೇಬಿಗೆ ಹೋಯಿತು.

ನಾನು ಆ ಕೈ ಹಿಡಿದೆ. "ನಾಳೆ ಬೆಳಿಗ್ಗೆ ಮತ್ತೆ ಬರ್ತೀವಿ."

ಯಾಕೆ? ಹೇಳುತ್ತೇನೆ. ಹಿಂದೆ ಇದೇ ಭದ್ರಾವತಿಯ ಕಾಗದನಗರದ ಕ್ವಾರ್ಟರ್ಸಿನಲ್ಲಿದ್ದಾಗ ನಾನು ಹಿತ್ತಲಲ್ಲಿ ಹಸು ಕಟ್ಟಿದ್ದೆ. ಬೆಳಿಗ್ಗೆ ಹಸು ನೋಡಲು ಜನ ಬರುತ್ತಾರೆಂದರೆ, ಮಾರುವವರು ಹಿಂದಿನ ಸಂಜೆ ಹಾಲು ಕರೆಯುವುದಿಲ್ಲ. ಬೆಳಿಗ್ಗೆ ಕೆಚ್ಚಲು ಬಿಂದಿಗೆಯಾಗಿರುತ್ತದೆ. ಕೊಳ್ಳುವವರು ಮರುಳಾಗುತ್ತಾರೆ. ಅದಕ್ಕೇ ತಿಳಿದವರು ಎರಡು ಹೊತ್ತಿನ ಹಾಲು ನೋಡುತ್ತಾರೆ. ಸಂಜೆ ಎದುರಿಗೇ ಕರೆಸಿ, ಅಲ್ಲೇ ಎಲ್ಲಾದರೂ ಮಲಗಿ, ಬೆಳಿಗ್ಗೆ ಇನ್ನೊಮ್ಮೆ ಕರೆಸುತ್ತಾರೆ. ಇದೆಲ್ಲ ನನಗೆ ಹೇಗೆ ಗೊತ್ತು? ಒಂದು ಸಂಜೆ ಕರೆಯದೆ ಬಿಟ್ಟು ಮಾರಿದವಳು ನಾನೇ. ಕೊಂಡವಳು ಹಿಂದಿನ ಸಾಲಿನ ಕ್ವಾರ್ಟರ್ಸಿನವಳು. ಆರು ತಿಂಗಳು ನನ್ನ ಮುಖ ನೋಡಲಿಲ್ಲ. ಸರಿಯಾಗಿಯೇ ಮಾಡಿದಳು.

ಹಸು ಒಂದೇ ಅಲ್ಲ, ಇಂಜಿನ್ನೂ ಹಾಗೇ; ರೋಗವಿದ್ದರೆ ತಣ್ಣಗಿದ್ದಾಗ ಹಚ್ಚಿದರೇ ಗೊತ್ತಾಗುವುದು. ನಮಗೆ ಈಗ ತೋರಿಸುವುದೆಲ್ಲ ಬೆಚ್ಚಗೆ ಮಾಡಿಟ್ಟದ್ದೇ ಅಲ್ಲವೇ? ಬಾಡಿಗೆ ಮನೆ ತೋರಿಸುವ ದಿನ ಟ್ಯಾಂಕ್ ತುಂಬಿರುತ್ತದೆ. ಹೆಣ್ಣು ನೋಡಲು ಹೋದ ದಿನ ಚಿಕ್ಕಮ್ಮ ಮಾಡಿದ ಉಪ್ಪಿಟ್ಟು ಹುಡುಗಿಯ ಹೆಸರಿಗೆ ಬರುತ್ತದೆ. ರೇಖಾಳನ್ನು ನಾನು ಎರಡನೇ ಸಲ ಹೇಳದೆ ಕೇಳದೆ ಹೋಗಿ ನೋಡಿದೆ. ಹರಿದ ನೈಟಿಯಲ್ಲಿ ಅಕ್ಕಿರೊಟ್ಟಿ ತಟ್ಟುತ್ತಾ ಬೆಕ್ಕಿಗೆ ಬೈಯುತ್ತಿದ್ದಳು. ಅವತ್ತೇ ಒಪ್ಪಿದೆ.

ಶನಿವಾರ ಗುಜರಿ ಅಂಗಡಿಯಿಂದ ಹೊರಟಾಗ ಇದನ್ನು ಜೀಪಿನಲ್ಲಿ ಹೇಳಿದೆ. ರೇಖಾ ಕಿಸಕ್ಕನೆ ನಕ್ಕಳು. "ಅತ್ತೆ, ನೀವು ಬಸ್ ಸ್ಟಾಂಡಲ್ಲಿ ಇಳಿದಾಗ್ಲೇ ನಮ್ಮಪ್ಪಂಗೆ ಫೋನ್ ಬಂದಿತ್ತು. ನೈಟಿ ಬೇಕಂತ್ಲೇ ಹಾಕಿದ್ದು."

"ಬೆಕ್ಕು?"

"ಬೆಕ್ಕಿಗೆ ಬೈದಿದ್ದು ನಿಜ."

ಸರಿ ಬಿಡಿ. ಇಪ್ಪತ್ತು ವರ್ಷ ನಮ್ಮ ಮನೆಯಲ್ಲಿ ಓಡಿದ ಇಂಜಿನ್ ಅವಳು, ವಾಪಸ್ ಕೊಡಲಾಗುತ್ತದೆಯೇ?

ರಾತ್ರಿ ಕಾಗದನಗರದ ನನ್ನ ತಂಗಿಯ ಮನೆಯಲ್ಲಿ ಉಳಿದೆವು. ಭಾನುವಾರ ಆರೂವರೆಗೆ ಗುಜರಿ ಅಂಗಡಿಯಲ್ಲಿದ್ದೆ. ಯಾರಿಗೂ ಒಂದು ಮಾತು ಆಡದೆ ನೆಟ್ಟಗೆ ಹೋಗಿ ಇಂಜಿನ್ ಮೇಲೆ ಅಂಗೈ ಇಟ್ಟೆ. ಬಿಸಿ! ಆಗ ತಾನೇ ಇಳಿಸಿದ ಹಾಲಿನ ಪಾತ್ರೆಯಷ್ಟು ಬಿಸಿ.

"ಏನ್ ಯಜಮಾನ್ರೇ, ಇಂಜಿನ್ ಇಷ್ಟು ಬೇಗ ಎದ್ದಿದೆ?"

"ದಿನಾ ಬೆಳಿಗ್ಗೆ ಒಂದ್ಸಲ ಸ್ಟಾರ್ಟ್ ಮಾಡ್ತೀನಿ ಅಮ್ಮ. ದೇವರಿಗೆ ದೀಪ ಹಚ್ಚಿದಂಗೆ."

"ಒಳ್ಳೇದು. ದೀಪ ಆರೋವರೆಗೆ ಇಲ್ಲೇ ಕೂರ್ತೀನಿ."

ತಂಗಿ ಮನೆಯಿಂದ ಅವರೆಕಾಯಿ ತಂದಿದ್ದೆ. ಕುರ್ಚಿ ಎಳೆದುಕೊಂಡು ಇಂಜಿನ್ ಪಕ್ಕ ಕೂತು ಸುಲಿಯತೊಡಗಿದೆ. ಅಂಗಡಿ ಯಜಮಾನ ಎರಡು ಸಲ ಟೀ ಕೊಟ್ಟ. "ಅಮ್ಮ, ನೀವು ಹೋಗಿ ಸ್ನಾನಗೀನ ಮಾಡ್ಕೊಂಡ್ ಬನ್ನಿ" ಅಂದ. "ಆಗಿದೆ" ಅಂದೆ. "ತಿಂಡಿ?" ಅಂದ. "ನೀವೇ ತರಿಸಿ" ಅಂದೆ. ತರಿಸಿದ! ಮಹೇಶ ನಾಚಿಕೆಯಾಗಿ ರಸ್ತೆಗೆ ಹೋಗಿ ನಿಂತ. ಸೆಲ್ವಂ ಬಂದು ನನ್ನ ಎದುರು ಕೂತು ತಾನೂ ಒಂದು ಹಿಡಿ ಅವರೆ ಸುಲಿದ. ಹನ್ನೊಂದಕ್ಕೆ ಇಂಜಿನ್ ತಣ್ಣಗಾಯಿತು, ಅವರೆಕಾಯಿಯೂ ಮುಗಿಯಿತು.

"ಈಗ ಹಚ್ಚಿ."

ಐದು ಸಲ ಕೆಮ್ಮಿತು. ಆರನೆಯದಕ್ಕೆ ಹೊತ್ತಿಕೊಂಡು ನೀಲಿ ಹೊಗೆ ಬಿಟ್ಟಿತು ನೋಡಿ, ಪಕ್ಕದ ಮಿಕ್ಸರ್ ರಿಪೇರಿ ಅಂಗಡಿಯವನು ಶಟರ್ ಎಳೆದುಕೊಂಡ. ಸೆಲ್ವಂ ಇಂಜಿನ್ ನಿಲ್ಲಿಸಿ, ಟರ್ಬೋದ ಪೈಪು ಬಿಚ್ಚಿ ಒಳಗೆ ಬೆರಳಾಡಿಸಿದ. ಬೆರಳು ತುಂಬ ಆಯಿಲ್. ಒಳಗಿನ ಫ್ಯಾನ್ ಹಿಡಿದು ಅಲ್ಲಾಡಿಸಿದ. ನನ್ನ ಮುಂದಿನ ಹಲ್ಲಿನ ಹಾಗೆ ಅಲ್ಲಾಡಿತು.

"ಬೇರೆ ಟರ್ಬೋ ಇಂಜಿನ್ ಹುಡುಕೋಣ ಸೆಲ್ವಂ" ಅಂದ ಮಹೇಶ. ಆಸೆ ಇನ್ನೂ ಸತ್ತಿರಲಿಲ್ಲ.

ಸೆಲ್ವಂ ಕೈ ಒರೆಸಿಕೊಂಡ. "ಸಾರ್, ಒಳ್ಳೇದೇ ಸಿಕ್ತು ಅಂತ ಇಟ್ಕೊಳ್ಳಿ. ಅದ್ರ ಜೋರಿಗೆ ನಿಮ್ ಗೇರ್‌ಬಾಕ್ಸ್ ತಡೆಯಲ್ಲ. ಕ್ಲಚ್ ಬೇರೆ ಹಾಕ್ಬೇಕು, ರೇಡಿಯೇಟರ್ ದೊಡ್ಡದು ಬೇಕು, ಬ್ರೇಕ್ ಮಾಡಿಸ್ಬೇಕು. ಆರ್‌ಸಿಯಲ್ಲಿ ಇಂಜಿನ್ ನಂಬರ್ ಬದ್ಲಾಯಿಸೋಕೆ ಆರ್‌ಟಿಓಗೆ ಅಲೀಬೇಕು."

"ಗಾಡಿ ಓಡೋಕೆ ಮುಂಚೆ ನಾವೇ ಓಡ್ಬೇಕು" ಅಂದೆ.

"ಅಷ್ಟೇ ಅಮ್ಮಾ. ಟರ್ಬೋ ಬೇಕಾ, ಟರ್ಬೋ ಗಾಡಿನೇ ತಗೊಳ್ಳಿ. ಒಂದು ಪಿಕಪ್ ನಾನೇ ನೋಡಿಟ್ಟಿದ್ದೀನಿ. ಆದ್ರೆ ಮೊದ್ಲು ಈ ಜೀಪು ಮಾರ್ಬೇಕು. ಬಯಲಲ್ಲಿ ಭತ್ತದ ಮೂಟೆ ಹೊರೋಕೆ ಇದು ಏನೂ ಮೋಸ ಇಲ್ಲ. ನಮ್ ಕಡೆ ಒಬ್ಬ ಪಾರ್ಟಿ ಕೇಳ್ತಿದ್ದಾನೆ. ನಾಳೆ ಒಂಬತ್ತಕ್ಕೆ ಕಳಿಸ್ಲಾ?"

ರೇಖಾ ನನ್ನ ಮುಖ ನೋಡಿದಳು. ಜೀಪು ಮಾರಿದರೆ ಪಿಕಪ್, ಪಿಕಪ್ ಬಂದರೆ ಮಾಘದ ಮದುವೆ. "ಕಳಿಸು" ಅಂದೆ. ಮಹೇಶ, "ಆ ಪಿಕಪ್ಪಲ್ಲಿ ಟರ್ಬೋ ಇರುತ್ತಲ್ವಾ?" ಅಂದ. ಇರುತ್ತದೆ ಅಂತ ಸೆಲ್ವಂ ಹೇಳಿದ ಮೇಲೆ ಮನೆ ತನಕ ಹಾಡಿಕೊಂಡೇ ಜೀಪು ಓಡಿಸಿದ. ಹಿತಕಿದ ಅವರೆಬೇಳೆ ಸಾರನ್ನು ಮೂರು ಸಲ ಬಡಿಸಿಕೊಂಡ.

ಸೋಮವಾರ ಬೆಳಿಗ್ಗೆ ಐದೂಮುಕ್ಕಾಲಿಗೆ ಎದ್ದೆ. ಮನೆಯವರೆಲ್ಲ ಮಲಗಿದ್ದರು. ಮೊಳೆಗೆ ನೇತುಹಾಕಿದ್ದ ಜೀಪಿನ ಕೀ ತೆಗೆದುಕೊಂಡೆ. (ಕೀ ತಿರುಗಿಸುವುದನ್ನು ಇಪ್ಪತ್ತು ವರ್ಷದಿಂದ ನೋಡುತ್ತಿದ್ದೇನೆ, ಅದೇನು ಮಹಾ?) ಚಳಿ ಇತ್ತು. ಇಂಥ ಚಳಿಯಲ್ಲಿ ಯಾವ ಇಂಜಿನ್ನಿಗಾದರೂ ಸ್ವಲ್ಪ ಬೆಚ್ಚಗಾಗಬೇಕಲ್ಲ, ಪಾಪ. ಸದ್ದಾಗದಂತೆ ಬಾಗಿಲು ತೆರೆದೆ.

ಜೀಪಿನ ಪಕ್ಕ ಒಬ್ಬಾಕೆ ನಿಂತಿದ್ದರು. ನನ್ನದೇ ವಯಸ್ಸು, ತಲೆಗೆ ಮಫ್ಲರ್, ಅಂಗೈ ಬಾನೆಟ್ಟಿನ ಮೇಲೆ. ಅವರ ಹಿಂದೆ ಅವರ ಮಗ ಆಕಳಿಸುತ್ತಿದ್ದ. ಅದೇ ಪಾರ್ಟಿ.

"ಒಂಬತ್ತಕ್ಕೆ ಅಂದಿದ್ರು" ಅಂದೆ.

"ಫಸ್ಟ್ ಬಸ್ ಸಿಕ್ತು" ಅಂದರು. ಕೈ ತೆಗೆಯಲಿಲ್ಲ. "ತಣ್ಣಗಿದೆ. ಸ್ಟಾರ್ಟ್ ಮಾಡ್ಸಿ."

ರೇಖಾಳನ್ನು ಎಬ್ಬಿಸಿ ಕೀ ಕೊಟ್ಟೆ. ನನ್ನ ಎದೆ ಹೊಡೆದುಕೊಂಡಷ್ಟು ಇಂಜಿನ್ನೂ ಹೊಡೆದುಕೊಂಡಿರಲಾರದು. ಎರಡನೇ ಸಲಕ್ಕೆ ಜೀಪು ಹೊತ್ತಿಕೊಂಡಿತು. ಒಂದಿಷ್ಟು ಬಿಳಿ ಹೊಗೆ, ಆಮೇಲೆ ಅದೂ ಇಲ್ಲ. ಆಕೆ ಬಾನೆಟ್ಟಿನಿಂದ ಕೈ ತೆಗೆದು ಮಗನಿಗೆ ತಲೆಯಾಡಿಸಿದರು. ನಾನು ಒಳಗೆ ಹೋಗಿ ಎಲ್ಲರಿಗೂ ಗಟ್ಟಿ ಕಾಫಿ ಮಾಡಿದೆ.

ಅಷ್ಟು ಬೆಳಿಗ್ಗೆಯೇ ನಾನು ಕೀ ಹಿಡಿದು ಯಾಕೆ ಹೊರಗೆ ಬಂದಿದ್ದೆ ಅಂತ ಆಕೆ ಕೇಳಲೇ ಇಲ್ಲ. ಅವರೂ ಒಂದು ಹಸು ಮಾರಿರಬೇಕು.